ಮಿಕ್ಕುಳಿದ ತುಣುಕು

ಹಳೆಯ ಗಡಿಯಾರವನ್ನೋ ಹೊಲಿಗೆಯ ಯಂತ್ರವನ್ನೋ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮರಳಿ ಜೋಡಿಸಿದ ತರುವಾಯ ಯಾವುದೋ ಒಂದು ತಿರುಪು ಇಲ್ಲವೆ ಒಂದು ಸ್ಪ್ರಿಂಗು ನೆಲದ ಮೇಲೆ ಉಳಿದುಬಿಟ್ಟಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅಂಥ ಹೊತ್ತಿನಲ್ಲಿ ನಮ್ಮ ಮನಸ್ಸು ಬಹು ಬೇಗನೆ ಒಂದು ತೀರ್ಪನ್ನು ಕೊಡುತ್ತದೆ: ಯಂತ್ರವು ನಡೆಯುತ್ತಿದೆ, ಆದುದರಿಂದ ಈ ತುಣುಕು ಬೇಕಾಗಿರಲಿಲ್ಲ. ಈ ತರ್ಕವು ಎಲ್ಲಿ ತಪ್ಪುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಸೋದರಳಿಯನ ಸೈಕಲ್ಲಿನಿಂದ ಕಲಿತೆನು. ನಮ್ಮ ಶಾಲೆಗೆ ಸೈಕಲ್ಲಿನಲ್ಲಿಯೇ ಬರುವ ಮಕ್ಕಳು ಇರುವುದರಿಂದ ಆ ಸಂಗತಿಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೇರಳದ ಎರ್ನಾಕುಳಂ ಪಟ್ಟಣಕ್ಕೆ ಪೂರ್ವದಲ್ಲಿ ಕಾಕ್ಕನಾಡ್ ಎಂಬ ಊರಿದೆ. ಜಿಲ್ಲಾ ಕಲೆಕ್ಟರರ ಕಚೇರಿ ಇರುವುದು ಅಲ್ಲಿಯೇ. ವಾಮನಮೂರ್ತಿಯ ದೇವಾಲಯದಿಂದ ಪ್ರಸಿದ್ಧವಾದ ತೃಕ್ಕಾಕ್ಕರವು ಅದಕ್ಕೆ ಹೊಂದಿಕೊಂಡಿದೆ. 2004ರಲ್ಲಿ ಇನ್ಫೋಪಾರ್ಕ್ ಸ್ಥಾಪನೆಯಾದ ಮೇಲೆ ಕಂಪ್ಯೂಟರ್ ಉದ್ಯೋಗಕ್ಕಾಗಿ ನಾನಾ ಪ್ರಾಂತಗಳ ಜನ ಅಲ್ಲಿಗೆ ಬಂದು ನೆಲಸಿದರು. ನನ್ನ ತಂಗಿಯ ಸಂಸಾರವೂ ಹಾಗೆಯೇ ಹೋದುದು. ಊರು ಸಮತಟ್ಟಲ್ಲ; ಮುರಕಲ್ಲಿನ ದಿಣ್ಣೆಗಳ ಮೇಲೆ ಹಬ್ಬಿಕೊಂಡಿದೆ. ರಸ್ತೆಗಳು ಏರುತ್ತ ಇಳಿಯುತ್ತ ಸಾಗುವುವು. ಮಳೆಗಾಲದಲ್ಲಂತೂ ಇಳಿಜಾರಿನಲ್ಲಿ ಸೈಕಲ್ ಸವಾರನಿಗೆ ಬ್ರೇಕೇ ದೇವರು.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆನು. ನಾನು ಮುಟ್ಟಿದ ಮರುದಿನವೇ ಹದಿಮೂರು ವರ್ಷದ ಸೋದರಳಿಯನು ಬಹು ಹೆಮ್ಮೆಯಿಂದ, “ಮಾವ, ಮುಂದಿನ ಗಾಲಿ ಪಂಕ್ಚರ್ ಆಗಿತ್ತು. ನಿನ್ನೆ ನಾನೇ ಬಿಚ್ಚಿ ತೇಪೆ ಹಾಕಿ ಜೋಡಿಸಿದೆ. ಬಂದು ನೋಡಿ” ಎಂದನು. ಕಟ್ಟಡದ ಕೆಳಗಣ ವಾಹನ ನಿಲ್ಲಿಸುವ ಜಾಗದಲ್ಲಿ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಗಾಲಿಯನ್ನು ಎತ್ತಿ ತಿರುಗಿಸಿದೆವು. ಎಲ್ಲಿಯೂ ಸವೆಯದೆ, ಓಲಾಡದೆ ಸೊಗಸಾಗಿ ತಿರುಗಿತು. ನಾನು ಬೆನ್ನು ತಟ್ಟಿದೆನು. ಅಷ್ಟರಲ್ಲಿ ಅವನ ತಂಗಿ ಪುಟ್ಟಿ ನೆಲದಿಂದ ಎರಡು ವಸ್ತುಗಳನ್ನು ಹೆಕ್ಕಿಕೊಂಡು ಬಂದಳು. ಒಂದು ಗ್ರೀಸು ಮೆತ್ತಿದ ಕರಿಯ ಗುಂಡು. ಅದರ ವಿಚಾರ ಆಮೇಲೆ. ಇನ್ನೊಂದು ಹೆಬ್ಬೆರಳಿನ ಒಂದು ಗೆಣ್ಣಿಗಿಂತ ಸ್ವಲ್ಪ ಉದ್ದವಾದ ಲೋಹದ ತಗಡು. ಅದರ ಒಂದು ತುದಿ ದುಂಡಗಿದ್ದು ನಡುವೆ ತೂತಿತ್ತು. ಇನ್ನೊಂದು ತುದಿ ಕಿರಿದಾಗುತ್ತ ಹೋಗಿ ಕೊನೆಯಲ್ಲಿ ಚಿಕ್ಕ ಕೊಕ್ಕಿನಂತೆ ಒಂದೇ ಕಡೆಗೆ ಬಾಗಿತ್ತು.

“ಸೋಡಾ ಬಾಟಲಿಯ ಮುಚ್ಚಳ ತೆಗೆಯುವುದು” ಎಂದಳು ಪುಟ್ಟಿ. “ಯಾವುದೋ ಬಾಗಿಲ ಚಿಲಕದ ಚೂರಿರಬೇಕು, ಎಸೆಯಿರಿ ಅಣ್ಣ” ಎಂದಳು ತಂಗಿ. “ನಮ್ಮ ಸೈಕಲ್ಲಿನದಂತೂ ಅಲ್ಲ ಮಾವ, ಎಲ್ಲ ಸರಿಯಾಗಿ ಕೂತಿದೆಯಲ್ಲ” ಎಂದನು ಹುಡುಗ. ನಾನು ಮೇಷ್ಟರಾದುದರಿಂದ ಸುಮ್ಮನಿರಲಾಗಲಿಲ್ಲ. “ಇದು ಮುಂದಿನ ಪ್ರತಿಫಲಕವನ್ನು ಹಿಡಿದಿಡುವ ಪಟ್ಟಿ” ಎಂದು ಗಂಭೀರವಾಗಿ ನುಡಿದೆನು. ನಾಲ್ವರ ಊಹೆಯೂ ತಪ್ಪಾಗಿತ್ತು. ನನ್ನ ಊಹೆ ಎಲ್ಲಕ್ಕಿಂತ ಬೇಗ ಸುಳ್ಳಾಯಿತು. ಪ್ರತಿಫಲಕವು ತನ್ನ ಪಟ್ಟಿಯೊಡನೆ ಹ್ಯಾಂಡಲಿನ ಮೇಲೆಯೇ ಕುಳಿತು ನನ್ನನ್ನು ನೋಡುತ್ತಿತ್ತು.

ಆಗ ನಾವು ಊಹೆಯನ್ನು ಬಿಟ್ಟು ಪರೀಕ್ಷೆಗೆ ತೊಡಗಿದೆವು. ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಏನು?’ ಎಂಬುದಲ್ಲ, ‘ಇದು ಎಲ್ಲಿಂದ ಬಂತು?’ ಎಂಬುದು. ವಾಹನಗಳು ನಿಲ್ಲುವ ಜಾಗದಲ್ಲಿ ನೂರು ಬಗೆಯ ಚೂರುಗಳು ಬಿದ್ದಿರುತ್ತವೆ. ಅಯಸ್ಕಾಂತವು ಅದನ್ನು ಥಟ್ಟನೆ ಹಿಡಿದುಕೊಂಡಿತು, ಉಕ್ಕೆಂದು ತಿಳಿಯಿತು. ಅಷ್ಟರಿಂದ ಹೆಚ್ಚೇನೂ ತಿಳಿಯಲಿಲ್ಲ.

ಅದರ ಮೈಯನ್ನು ಬೂದುಗಾಜಿನಿಂದ ನೋಡಿದಾಗಲಾದರೋ ಬಹಳ ತಿಳಿಯಿತು. ತುಂಡಿನ ಅಂಚುಗಳಲ್ಲಿ ಹಳೆಯ ತುಕ್ಕು ಇದ್ದಿತು. ಆದರೆ ತೂತಿನ ಸುತ್ತ, ಒಂದು ಮುಖದ ಮೇಲೆ, ಬಳೆಯಂತೆ ಒಂದು ಹೊಳೆಯುವ ವರ್ತುಲವಿದ್ದಿತು. ಅದರೊಳಗೆ ಗರಗಸದ ಹಲ್ಲು ಊರಿದಂತೆ ಸಣ್ಣ ಗೀರುಗಳು. ಸತುವಿನ ಲೇಪ ಕಿತ್ತುಹೋಗಿ ಬರಿಯ ಉಕ್ಕು ಕಾಣುತ್ತಿತ್ತು. ಕಾಕ್ಕನಾಡಿನಂಥ ತೇವದ ಹವೆಯಲ್ಲಿ, ಅದರಲ್ಲಿಯೂ ಮುಂಗಾರಿನ ಮುನ್ನಿನ ಮಳೆ ಸುರಿಯುತ್ತಿದ್ದ ದಿನಗಳಲ್ಲಿ, ಬರಿಯ ಉಕ್ಕು ಬಹುಕಾಲ ಹೊಳೆಯುತ್ತ ಉಳಿಯದು. ಎಂದ ಮೇಲೆ ಈ ತುಣುಕನ್ನು ಯಾವುದೋ ಒಂದು ನಟ್ಟು ಬಲವಾಗಿ ಅದುಮಿ ಹಿಡಿದಿತ್ತು. ಆ ನಟ್ಟು ಸಡಿಲವಾಗಿ ಒಂದೆರಡು ದಿನವಷ್ಟೇ ಆಗಿತ್ತು. ಈ ಕಟ್ಟಡದಲ್ಲಿ ನಿನ್ನೆ ನಟ್ಟು ಬಿಚ್ಚಿದವರು ಯಾರು? ಹುಡುಗನ ಮುಖ ಸಣ್ಣದಾಯಿತು.

ತುಂಡನ್ನು ಮಗುಚಿದೆವು. ಇನ್ನೊಂದು ಮುಖದಲ್ಲಿ ಕಪ್ಪು ಬಣ್ಣದ ಪುಟ್ಟ ಚಕ್ಕೆಗಳು ಅಂಟಿದ್ದುವು. ಸೈಕಲ್ಲಿನ ಚೌಕಟ್ಟು ನೀಲಿ. ಮುಂದಿನ ಗಾಲಿಯನ್ನು ಹಿಡಿದ ಫೋರ್ಕು ಮಾತ್ರ ಕಪ್ಪು. ಪತ್ತೇದಾರಿ ಕಾದಂಬರಿಗಳಲ್ಲಿ ಇಂಥ ಗುರುತು ಕೊನೆಯ ಅಧ್ಯಾಯದಲ್ಲಿ ಸಿಕ್ಕುವುದು ವಾಡಿಕೆ. ನಮಗೆ ಹತ್ತು ನಿಮಿಷದಲ್ಲಿ ಸಿಕ್ಕಿತು.

ಇನ್ನು ಅಳತೆ. ನಮ್ಮಲ್ಲಿ ಸೂಕ್ಷ್ಮಮಾಪಕವಿರಲಿಲ್ಲ. ಆದರೆ ದಂಡದ ದಪ್ಪವನ್ನು ಅಳೆಯಲು ಒಂದು ಕಾಗದದ ಪಟ್ಟಿಯೂ ಒಂದು ಗುಂಡುಸೂಜಿಯೂ ಸಾಕು. ಪಟ್ಟಿಯನ್ನು ದಂಡಕ್ಕೆ ಬಿಗಿಯಾಗಿ ಸುತ್ತಿ, ಅದು ಒಂದರ ಮೇಲೊಂದು ಬರುವೆಡೆಯಲ್ಲಿ ಸೂಜಿಯಿಂದ ಚುಚ್ಚಿ ಬಿಡಿಸಿದರೆ ಎರಡು ತೂತುಗಳು ದೊರೆಯುತ್ತವೆ. ಅವುಗಳ ನಡುವಣ ದೂರವೇ ದಂಡದ ಪರಿಧಿ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ. ಮುಂದಿನ ಗಾಲಿಯ ಅಚ್ಚು ನಟ್ಟಿನಿಂದ ಹೊರಗೆ ಚಾಚಿದ ಭಾಗಕ್ಕೆ ಹೀಗೆ ಮಾಡಿದಾಗ 25 ಮಿಲಿಮೀಟರ್ ಬಂದಿತು. ವ್ಯಾಸವು 8 ಮಿಲಿಮೀಟರ್. ಹಿಂದಿನ ಗಾಲಿಯ ಅಚ್ಚಿನಲ್ಲಿ 30 ಬಂದಿತು, ವ್ಯಾಸವು ಒಂಬತ್ತೂವರೆ. ಹಳೆಯ ಅಂಗುಲದ ಲೆಕ್ಕದಲ್ಲಿ ಇವು ಹದಿನಾರರಲ್ಲಿ ಐದು ಮತ್ತು ಎಂಟರಲ್ಲಿ ಮೂರು. ಅನೇಕ ಸೈಕಲ್ಲುಗಳಲ್ಲಿ ಇವೇ ಅಳತೆಗಳನ್ನು ಇಂದಿಗೂ ಕಾಣಬಹುದು. ನಮ್ಮ ತುಣುಕಿನ ತೂತು ಮುಂದಿನ ಅಚ್ಚಿನ ತುದಿಗೆ ಉಂಗುರದಂತೆ ಸರಿಯಾಗಿ ಕೂತಿತು. ಹಿಂದಿನದಕ್ಕೆ ಹತ್ತಲೇ ಇಲ್ಲ.

ಹೀಗೆ ಇದು ಮುಂದಿನ ಗಾಲಿಯ ನಟ್ಟಿಗೂ ಫೋರ್ಕಿಗೂ ನಡುವೆ ಇರಬೇಕಾದ ಒಂದು ವಾಷರೆಂದು ತಿಳಿದುಬಂತು. ಆದರೆ ಆ ಕೊಕ್ಕು ಏತಕ್ಕೆ? ವಾಷರಿಗೆ ಕೊಕ್ಕಿನ ಅಗತ್ಯವಿಲ್ಲವಷ್ಟೆ. ಹುಡುಗನು ಫೋರ್ಕಿನ ತುದಿಯನ್ನು ಒರೆಸಿದನು. ಅಚ್ಚು ಕೂರುವ ಸೀಳಿಗೆ ಸ್ವಲ್ಪ ಮೇಲೆ ಕಡಲೆಬೇಳೆಯಷ್ಟು ದೊಡ್ಡದಾದ ಒಂದು ಕಿಂಡಿಯಿದ್ದಿತು. ಅದರ ಅಂಚಿನ ಬಣ್ಣ ಕೆತ್ತಿಹೋಗಿತ್ತು. ಕೊಕ್ಕು ಆ ಕಿಂಡಿಯೊಳಗೆ ಬೀಗದಲ್ಲಿ ಕೀಲಿಕೈಯಂತೆ ಹೊಕ್ಕಿತು.

ಅಷ್ಟಾದ ಮೇಲೆ ಸೈಕಲ್ಲನ್ನು ಗೋಡೆಯಿಂದ ಈಚೆಗೆ ಎಳೆದು ಆ ಬದಿಯನ್ನು ನೋಡಿದೆವು. ಅಲ್ಲಿ ಇಂಥದೇ ಇನ್ನೊಂದು ವಾಷರು ನಟ್ಟಿನ ಕೆಳಗಿದ್ದಿತು! ಈ ಕೆಲಸವನ್ನು ಮೊದಲೇ ಮಾಡಿದ್ದರೆ ಒಂದು ತಾಸು ಉಳಿಯುತ್ತಿತ್ತು. ಗಾಲಿಯ ಎರಡು ಪಕ್ಕಗಳೂ ಬಹುಮಟ್ಟಿಗೆ ಒಂದರ ಪ್ರತಿಬಿಂಬ ಇನ್ನೊಂದು. ಮಿಕ್ಕ ತುಂಡಿನ ಜೋಡಿಯನ್ನು ಎದುರು ಪಕ್ಕದಲ್ಲಿ ಹುಡುಕುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ. ಆದರೆ ಆ ಜೋಡಿಯೂ ಸರಿಯಾಗಿರಲಿಲ್ಲ. ಹುಡುಗನು ಅದನ್ನು ಬರಿಯ ವಾಷರೆಂದು ಬಗೆದು ಕೊಕ್ಕು ಹೊರಕ್ಕೆ ಬರುವಂತೆ ತಿರುಗುಮುರುಗಾಗಿ ಕೂರಿಸಿದ್ದನು.

“ಆದರೂ ಗಾಲಿ ಚೆನ್ನಾಗಿ ತಿರುಗುತ್ತದಲ್ಲ ಮಾವ?” ಎಂದನು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಬಾಯಿಂದ ಹೇಳದೆ ಮಾಡಿಯೇ ತೋರಿಸಬೇಕೆನಿಸಿತು. ನೆಲದ ಮೇಲೆ ಒಂದು ಗೋಣಿಚೀಲವನ್ನು ಹಾಸಿದೆವು. ಎರಡು ನಟ್ಟುಗಳನ್ನೂ ಬೆರಳಿನಿಂದ ತಿರುಗುವಷ್ಟು ಸಡಿಲಿಸಿ, ಅಲ್ಲಿಂದ ಇನ್ನೊಂದು ಪೂರ್ತಿ ಸುತ್ತು ಬಿಟ್ಟೆನು. ಹುಡುಗನು ಹ್ಯಾಂಡಲನ್ನು ಒಂದು ಗೇಣು ಮೇಲಕ್ಕೆ ಎತ್ತಿ ಹಿಡಿದನು. ನಾನು ಟಯರಿನ ಮೇಲೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟೆನು. ಗಾಲಿಯು ಫೋರ್ಕಿನಿಂದ ಕಳಚಿ ಗೋಣಿಯ ಮೇಲೆ ಬಿದ್ದಿತು. ಪುಟ್ಟಿ ನಕ್ಕಳು. ತಂಗಿ ನಗಲಿಲ್ಲ.

ಅನಂತರ ಎರಡೂ ವಾಷರುಗಳ ಕೊಕ್ಕುಗಳನ್ನು ಕಿಂಡಿಗಳಲ್ಲಿ ಕೂರಿಸಿ, ನಟ್ಟುಗಳನ್ನು ಅಷ್ಟೇ ಸಡಿಲವಾಗಿಟ್ಟು, ಮರಳಿ ಪೆಟ್ಟು ಕೊಟ್ಟೆನು. ಗಾಲಿಯು ತುಸು ಕೆಳಗೆ ಜಾರಿ ತೂಗಾಡಿತೇ ಹೊರತು ಬೀಳಲಿಲ್ಲ. ಕೊಕ್ಕು ಕಿಂಡಿಯಿಂದ ಹೊರಬರುವಷ್ಟು ದೂರ ನಟ್ಟನ್ನು ತಿರುಗಿಸಿದ ಹೊರತು ಗಾಲಿ ಬಿಡುಗಡೆಯಾಗದು. ಗಾಲಿ ಬಿಚ್ಚುವವನಿಗೆ ಇದು ಕಿರಿಕಿರಿಯೇ ಸರಿ. ಅವಸರದಲ್ಲಿರುವವನು ಇದನ್ನು ಬೇಡದ ತೊಡಕೆಂದು ಎಸೆಯುವುದೂ ಉಂಟು. ಆ ಕಿರಿಕಿರಿಯೇ ಅದರ ಕೆಲಸ.

ಸವಾರನ ಭಾರವೇ ಫೋರ್ಕನ್ನು ಅಚ್ಚಿನ ಮೇಲೆ ಅದುಮುತ್ತಿರುವಾಗ ಗಾಲಿ ಏಕೆ ಕೆಳಗೆ ಬೀಳಬೇಕೆಂದು ನೀವು ಕೇಳಬಹುದು. ಸಮದಾರಿಯಲ್ಲಿ ಬೀಳದು. ರಸ್ತೆಯ ಉಬ್ಬಿನಲ್ಲಿ ಮುಂಗಾಲಿ ನೆಲ ಬಿಟ್ಟು ಹಾರಿದಾಗ ಅಥವಾ ಮೆಟ್ಟಿಲಿನ ಮೇಲೆ ಏರಿಸಲೆಂದು ಹ್ಯಾಂಡಲನ್ನು ಎತ್ತಿದಾಗ ಭಾರವು ಇಲ್ಲವಾಗುತ್ತದೆ. ಇದು ಒಂದು ಕಾರಣ. ಎರಡನೆಯದು ಇನ್ನಷ್ಟು ವಿಚಿತ್ರವಾದುದು. ಈ ಸೈಕಲ್ಲಿಗಿದ್ದುದು ಈಗ ಬಹಳ ಕಡೆ ಕಾಣುವ ಡಿಸ್ಕ್ ಬ್ರೇಕು. ಗಾಲಿಯ ನಡುವೆ ಒಂದು ಉಕ್ಕಿನ ತಟ್ಟೆ, ಅದನ್ನು ಅದುಮಿ ಹಿಡಿಯುವ ಒಂದು ಇಕ್ಕುಳ. ಆ ಇಕ್ಕುಳವು ಫೋರ್ಕಿನ ಎಡಗಾಲಿನ ಹಿಂಬದಿಯಲ್ಲಿರುತ್ತದೆ. ಗಾಲಿಯು ಮುಂದಕ್ಕೆ ಉರುಳುವಾಗ ಅದರ ಹಿಂಬದಿಯು ಅಚ್ಚಿಗೆ ಹೋಲಿಸಿದರೆ ಮೇಲಕ್ಕೆ ಏರುತ್ತಿರುತ್ತದೆಂಬುದನ್ನು ಒಂದು ಬಳೆಯನ್ನು ಉರುಳಿಸಿ ನೋಡಿ ತಿಳಿಯಿರಿ. ಮೇಲಕ್ಕೆ ಏರುವ ತಟ್ಟೆಯನ್ನು ಇಕ್ಕುಳವು ತಡೆದಾಗ ಅದು ತಟ್ಟೆಯನ್ನು ಕೆಳಕ್ಕೆ ಒತ್ತಿದಂತಾಯಿತು. ಕೆಳಕ್ಕೆಂದರೆ ಸೀಳಿನ ಬಾಯಿಯ ಕಡೆಗೆ! ರಿಮ್ಮನ್ನು ಹಿಡಿಯುವ ಹಳೆಯ ಬ್ರೇಕಿನಲ್ಲಿ ಈ ತೊಂದರೆಯಿಲ್ಲ. ಅದು ಗಾಲಿಯ ಮೇಲ್ಭಾಗದಲ್ಲಿದ್ದು ಹಿಂದಕ್ಕೆ ಎಳೆಯುತ್ತದೆಯೇ ಹೊರತು ಕೆಳಕ್ಕೆ ನೂಕದು.

ಲೆಕ್ಕ ಹಾಕಿ ನೋಡೋಣ. ಗಾಲಿಯ ತ್ರಿಜ್ಯ 30 ಸೆಂಟಿಮೀಟರೆಂದೂ ಇಕ್ಕುಳವು ತಟ್ಟೆಯನ್ನು ಹಿಡಿಯುವ ಜಾಗ ಅಚ್ಚಿನಿಂದ 7½ ಸೆಂಟಿಮೀಟರ್ ದೂರವೆಂದೂ ಹಿಡಿಯಿರಿ. ನೆಲವು ಟಯರನ್ನು 10 ಕಿಲೋಗ್ರಾಮ್ ಭಾರದಷ್ಟು ಬಲದಿಂದ ತಡೆಯಬೇಕಾದರೆ, ಸನ್ನೆಗೋಲಿನ ನಿಯಮದಂತೆ ಇಕ್ಕುಳವು ಅದರ ನಾಲ್ಕು ಪಟ್ಟು, ಅಂದರೆ 40 ಕಿಲೋಗ್ರಾಮ್ ಬಲವನ್ನು ಹೂಡಬೇಕು. ಹದಿಮೂರರ ಹುಡುಗ ಮತ್ತು ಸೈಕಲ್ಲು ಸೇರಿ 55 ಕಿಲೋಗ್ರಾಮ್ ಇದ್ದರೆ ಬ್ರೇಕು ಹಿಡಿದಾಗ ಮುಂಗಾಲಿಯ ಮೇಲೆ ಬೀಳುವ ಭಾರ ಸುಮಾರು 30. ಇಕ್ಕುಳದ ಒತ್ತಡವು ನೆಟ್ಟಗೆ ಕೆಳಕ್ಕೇ ಇರದೆ ತುಸು ಓರೆಯಾಗಿರಬಹುದು. ಆದರೂ ಭಾರವು ಅಚ್ಚನ್ನು ಒಳಗಿಡುವುದಕ್ಕಿಂತ ಹೆಚ್ಚಾಗಿ ಬ್ರೇಕು ಅದನ್ನು ಹೊರಗೆ ನೂಕಬಲ್ಲುದೆಂಬುದು ಸ್ಪಷ್ಟ. ಜೇಮ್ಸ್ ಆನನ್ ಎಂಬ ಹವಾಮಾನ ವಿಜ್ಞಾನಿ 2003ರಲ್ಲಿ ಈ ವಿಷಯವನ್ನು ಎತ್ತಿ ತೋರಿಸಿದಾಗ ಸೈಕಲ್ ಲೋಕದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆ ಹೊತ್ತಿನಲ್ಲಿ ಗಾಲಿಯನ್ನು ಹಿಡಿದಿಡುವುದು ಬಿಗಿದ ನಟ್ಟು. ನಟ್ಟು ಸಡಿಲವಾಗಿದ್ದರೆ ಆ ಕೊಕ್ಕಿನ ವಾಷರು. ಅದೂ ಇಲ್ಲದಿದ್ದರೆ ಏನೂ ಇಲ್ಲ.

ಇಂಥದೊಂದು ಏರ್ಪಾಟು ಇರಲೇಬೇಕೆಂದು ಸರಕಾರಗಳು ವಿಧಿಸಿದುದು ತೀರ ಹಿಂದಿನ ಸಂಗತಿಯಲ್ಲ. ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗದ ಸೈಕಲ್ ನಿಯಮಗಳು 1976ರಲ್ಲಿ ಜಾರಿಗೆ ಬಂದುವು. ಮುಂಗಾಲಿಯ ನಟ್ಟುಗಳನ್ನು ಬೆರಳಿನ ಬಿಗಿಯಿಂದ ಒಂದು ಪೂರ್ತಿ ಸುತ್ತು ಸಡಿಲಿಸಿ, ಸೀಳಿನ ದಿಕ್ಕಿನಲ್ಲಿ 25 ಪೌಂಡು, ಎಂದರೆ ಸುಮಾರು 11 ಕಿಲೋಗ್ರಾಮ್ ಬಲದಿಂದ ಎಳೆದರೂ ಗಾಲಿ ಬೇರ್ಪಡಬಾರದೆಂದು ಅವು ಹೇಳುತ್ತವೆ. ಗೋಣಿಚೀಲದ ಮೇಲೆ ನಾವು ಮಾಡಿದುದು ಈ ಪರೀಕ್ಷೆಯ ಬಡ ತಮ್ಮನೆನ್ನಬಹುದು. ಮಡ್‌ಗಾರ್ಡಿನ ಸಲಾಕೆಗಳು ಗಾಲಿಯನ್ನು ತಡೆದು ನಿಲ್ಲಿಸಿದರೂ ಆಗಬಹುದೆಂದು ಅದೇ ನಿಯಮದಲ್ಲಿ ಒಂದು ಮಾತಿದೆ. ನಮ್ಮ ಅಜ್ಜಂದಿರ ಕಪ್ಪು ಸೈಕಲ್ಲುಗಳಲ್ಲಿ ಎಷ್ಟೋ ವೇಳೆ ಮುಂದಿನ ಮಡ್‌ಗಾರ್ಡಿನ ಸಲಾಕೆಗಳ ಉಂಗುರದಂಥ ತುದಿಗಳನ್ನು ಅಚ್ಚಿಗೇ ಪೋಣಿಸಿ ನಟ್ಟು ಬಿಗಿಯುತ್ತಿದ್ದರು. ಮಡ್‌ಗಾರ್ಡಿಲ್ಲದ ಇಂದಿನ ಚೆಲುವಾದ ಸೈಕಲ್ಲಿನಲ್ಲಿ ಆ ಆಸರೆ ಇಲ್ಲ.

ಹುಡುಗನು ಎರಡು ವಾಷರುಗಳನ್ನೂ ತಾನೇ ಕೂರಿಸಿದನು. ಫೋರ್ಕು ಒಳಗೆ, ಅದರ ಹೊರಗೆ ವಾಷರು, ಕೊಕ್ಕು ಒಳಮುಖವಾಗಿ ಕಿಂಡಿಯಲ್ಲಿ, ಅದರ ಹೊರಗೆ ನಟ್ಟು. ಎರಡು ಬದಿಯ ನಟ್ಟುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿದನು. ಬಳಿಕ ಗೋಣಿಚೀಲದ ಮೇಲೆ ತಾನೇ ಇನ್ನೊಂದು ಪೆಟ್ಟು ಕೊಟ್ಟು ನೋಡಿ ಸಮಾಧಾನಪಟ್ಟನು.

ಇನ್ನುಳಿದುದು ಆ ಕರಿಯ ಗುಂಡು. ಸೈಕಲ್ ಬಿಚ್ಚುವವರಿಗೆ ನೆಲದ ಮೇಲೆ ಹೆಚ್ಚಾಗಿ ಸಿಕ್ಕುವ ವಸ್ತು ಗುಂಡೇ ಆದುದರಿಂದ ಅದರ ಕುಲಗೋತ್ರಗಳನ್ನು ಬಲ್ಲವರಾಗಿರುವುದು ಒಳ್ಳೆಯದು. ತಿರುಗುವ ಅಚ್ಚಿನ ಸುತ್ತ ಗುಂಡುಗಳನ್ನಿಟ್ಟು ತಿಕ್ಕಾಟವನ್ನು ಕಡಮೆ ಮಾಡುವ ಉಪಾಯಕ್ಕೆ 1869ರಲ್ಲಿ ಪ್ಯಾರಿಸಿನ ಜೂಲ್ ಸುರಿರೇ ಎಂಬಾತನು ಪೇಟೆಂಟು ಪಡೆದನು. ಅದೇ ವರುಷ ಪ್ಯಾರಿಸಿನಿಂದ ರೂಆನಿಗೆ ನಡೆದ ಪಂದ್ಯವನ್ನು ಗೆದ್ದ ಜೇಮ್ಸ್ ಮೂರನ ಗಾಡಿಯಲ್ಲಿ ಅಂಥ ಗುಂಡುಗಳಿದ್ದುವು. ಎಲ್ಲ ಗುಂಡುಗಳನ್ನೂ ಒಂದೇ ಅಳತೆಗೆ ಅರೆಯುವ ಯಂತ್ರವನ್ನು ಜರ್ಮನಿಯ ಶ್ವೈನ್‌ಫುರ್ಟಿನ ಫ್ರೀಡ್ರಿಖ್ ಫಿಷರನು 1883ರಲ್ಲಿ ಮಾಡಿದ ಮೇಲೆ ಅವು ಅಗ್ಗವಾಗಿ ದೊರೆಯತೊಡಗಿದುವು.

ಗುಂಡಿನ ಗಾತ್ರವೇ ಅದರ ವಿಳಾಸ. ಸಾಮಾನ್ಯವಾದ ಸೈಕಲ್ಲಿನಲ್ಲಿ ಹಿಂದಿನ ಹಬ್ಬಿನಲ್ಲಿಯೂ ಪೆಡಲುಗಳ ನಡುವಣ ಅಚ್ಚಿನಲ್ಲಿಯೂ ಇರುವ ಗುಂಡು ಎಲ್ಲಕ್ಕಿಂತ ದೊಡ್ಡದು. ಕಾಲು ಅಂಗುಲ, ಎಂದರೆ 6.35 ಮಿಲಿಮೀಟರ್. ಮುಂದಿನ ಹಬ್ಬಿನದು 4.76. ಪೆಡಲಿನಲ್ಲಿಯೂ ಹ್ಯಾಂಡಲಿನ ಬುಡದಲ್ಲಿಯೂ ಅನೇಕ ವೇಳೆ 3.97. ಫ್ರೀವೀಲಿನೊಳಗಿನ ಗುಂಡು ಸಾಸಿವೆಯ ಅಣ್ಣನೆನ್ನುವಷ್ಟು ಚಿಕ್ಕದು, 3.18. ಗುಂಡನ್ನು ಎರಡು ಬೆಂಕಿಪೆಟ್ಟಿಗೆಗಳ ನಡುವೆ ಸೇರಿಸಿ, ಅವುಗಳ ಅಂತರವನ್ನು ಅಡಿಪಟ್ಟಿಯಿಂದ ಅಳೆದರೆ ಯಾವ ಮನೆಯ ಮಗುವೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ನಮ್ಮ ಹುಡುಗನು ಹಾಗೆಯೇ ಅಳೆದು, “ಆರು ಮಿಲಿಮೀಟರ್ ಮಾವ, ಹಿಂದಿನ ಹಬ್ಬಿನದೇ!” ಎಂದು ಕೂಗಿದನು. ಅಡಿಪಟ್ಟಿಯಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗವನ್ನು ಗುರುತಿಸುವುದು ಯಾರಿಂದಲೂ ಆಗದ ಮಾತು. ಆದುದರಿಂದ ನಾನೂ ಒಪ್ಪಿದೆನು. ಒಂದು ಗುಂಡು ಕಡಮೆಯಾದರೆ ಉಳಿದವು ಸರಿದಾಡಿ ಹಬ್ಬಿನ ಬಟ್ಟಲನ್ನು ಬೇಗ ಸವೆಸುವುವೆಂದು ವಿವರಿಸಿದೆನು. ಅವನು ಹಿಂದಿನ ಗಾಲಿಯ ನಟ್ಟಿಗೆ ಪಾನಾ ಹಾಕಿಯೇಬಿಟ್ಟಿದ್ದನು. ಆಗ ಪುಟ್ಟಿ, “ಇದನ್ನು ಅಯಸ್ಕಾಂತ ಹಿಡಿಯುವುದೇ ಇಲ್ಲವಲ್ಲ” ಎಂದಳು. ನಾವು ದೊಡ್ಡವರಿಬ್ಬರೂ ಮರೆತಿದ್ದ ಪರೀಕ್ಷೆ ಅದು. ಸೈಕಲ್ಲಿನ ಗುಂಡು ಉಕ್ಕಿನದು. ಅಯಸ್ಕಾಂತ ಅದನ್ನು ಹಿಡಿಯಲೇಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸನ್ನು ಒರೆಸಿದಾಗ ಹಳದಿ ಬಣ್ಣದ ಪ್ಲಾಸ್ಟಿಕ್ಕು ಕಾಣಿಸಿತು. ಅದು ಹಿಂದಿನ ವರ್ಷ ಜಾತ್ರೆಯಲ್ಲಿ ಕೊಂಡ ಆಟದ ಬಂದೂಕಿನ ಗುಂಡಾಗಿತ್ತು. ಪುಟ್ಟಿ ಅದನ್ನು ಕೈಯಲ್ಲಿ ಮುಚ್ಚಿಕೊಂಡು ಮೆಟ್ಟಿಲೇರಿ ಓಡಿದಳು. ಹುಡುಗನು ಪಾನಾವನ್ನು ಪೆಟ್ಟಿಗೆಗೆ ಹಾಕಿದನು. ಹೊರಗೆ ಮಳೆ ಹನಿಯತೊಡಗಿತ್ತು.